ಅತ್ತೆಯವರ ಕೊಕ್ಕರೆ

ವತ್ಸಲಾಗೆ ಗಂಡನ ಮೇಲೆ ಪ್ರೀತಿಯಿರಲಿಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಪ್ರೀತಿ ಬೇಕಾದಷ್ಟಿತ್ತು. ಆದರೆ ಅದು ಸಂಜೆ ರಾಮಪ್ರಸಾದ ಆಫೀಸಿನಿಂದ ಬಂದು ಷೂ ಕಳಚುವಾಗ ಶುರುವಾಗಿ, ಮರುದಿನ ಬೆಳಗ್ಗೆ ಅದೇ ಷೂ ಹಾಕಿಕೊಂಡು ಹೊರಟಾಗ ವಿಶ್ರಾಂತಿಗೆ ಕೂರುವಂಥ ಪ್ರೀತಿ. ಮೈಸೂರಿನಿಂದ ಬಂದು ಇಂಗ್ಲಿಷರ ನಾಡಿನ ಪಿನ್ನರ್‌ನಲ್ಲಿ ಸಂಸಾರ ಹೂಡಿದ ಅಷ್ಟೂ ವರ್ಷ ಅದಕ್ಕೆ ಸುಸ್ತಾದದ್ದಿಲ್ಲ. ದಿನಾ ರಜೆ ಸಿಗುತ್ತಿದ್ದರೆ ಯಾರಿಗೆ ತಾನೇ ಸುಸ್ತಾಗುತ್ತದೆ?

ಆ ರಜೆಯ ಹೊತ್ತು ವತ್ಸಲಾಳ ಸ್ವಂತದ್ದು. ಗಂಡ ಹೋದ, ಮಗಳು ಸಿರಿಶಾ ಸ್ಕೂಲಿಗೆ ಹೋದಳು, ಇನ್ನು ಮನೆಯಲ್ಲಿ ಅವಳೊಬ್ಬಳೇ. ಎರಡನೇ ಸಲ ಕಾಫಿ ಮಾಡಿಕೊಂಡು, ಸೋಫಾದ ಮೇಲೆ ಕಾಲು ನೀಡಿಕೊಂಡು ಎಜ್‌ವೇರ್‌ನ ಗೆಳತಿ ನಾಗವ್ವನಿಗೆ ಫೋನು ಮಾಡುವಳು. ಆಮೇಲೆ ಅಡುಗೆ ಮಾಡುತ್ತ ಹಾಡಿಕೊಳ್ಳುವಳು. ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ. ಕೇಳುವವರಿಲ್ಲವಲ್ಲ, ಅದೇ ಅದರ ರುಚಿ. ಮದುವೆಯಾದ ಹೊಸದರಲ್ಲಿ ಅತ್ತೆಯ ಮುಂದೆ ಒಮ್ಮೆ ಹಾಡಿ, ಮನೆಯವರೆಲ್ಲ ನಕ್ಕ ಮೇಲೆ ಅವಳು ಯಾರ ಮುಂದೆಯೂ ಬಾಯಿ ತೆರೆದಿರಲಿಲ್ಲ. ಮಗಳು ಕೆಲಸ ಹಿಡಿದು ಕ್ರೋಯ್ಡನ್ ಸೇರಿದ ಮೇಲಂತೂ ಮನೆ ಪೂರ್ತಿ ಅವಳ ಹಾಡಿಗೇ ಸೇರಿತ್ತು.

ಎರಡು ಸಾವಿರದ ಎರಡನೇ ಇಸವಿಯ ವಸಂತದಲ್ಲಿ ರಾಮಪ್ರಸಾದ ರಿಟೈರ್ ಆದ. ಕೌನ್ಸಿಲ್ ಆಫೀಸಿನಲ್ಲಿ ರಸ್ತೆಗಳ ನಕ್ಷೆ ಬರೆಯುತ್ತಿದ್ದ ಮನುಷ್ಯ. ಯಾವ ರಸ್ತೆ ಎಲ್ಲಿ ತಿರುಗಬೇಕು, ಎಲ್ಲಿ ಅಗಲವಾಗಬೇಕು ಎಂದು ಮೂವತ್ತು ವರ್ಷ ತಿದ್ದಿ ತಿದ್ದಿ ಅಭ್ಯಾಸವಾದ ಕಣ್ಣು. ಇನ್ನು ತಿದ್ದಲು ರಸ್ತೆಗಳಿಲ್ಲ ಎಂದಾದಾಗ ಆ ಕಣ್ಣು ಅಡುಗೆಮನೆಯ ಮೇಲೆ ಬಿತ್ತು.

ಮೊದಲು ಬರೀ ಪ್ರಶ್ನೆಗಳು. ಬಲಗೈಯಲ್ಲಿ ಒಗ್ಗರಣೆ ಹಾಕುವವಳು ಸಾಸಿವೆಯನ್ನು ಎಡಗಡೆ ಯಾಕೆ ಇಟ್ಟಿದ್ದಾಳೆ? ನಾಗವ್ವನ ಜೊತೆ ನಿನ್ನೆ ತಾನೇ ಮಾತಾಡಿದ್ದಾಯಿತಲ್ಲ, ಇವತ್ತು ಮತ್ತೆ ಏನು? ಆಮೇಲೆ ಪ್ರಶ್ನೆಗಳು ಮುಗಿದು ಕೆಲಸ ಶುರುವಾಯಿತು. ಒಂದು ಬೆಳಗ್ಗೆ ಒಗ್ಗರಣೆ ಡಬ್ಬಿಯನ್ನು ತೊಳೆದು ಒರೆಸಿ, ತನ್ನ ಲೆಕ್ಕದಲ್ಲಿ ಯಾವುದು ಎಲ್ಲಿರಬೇಕೋ ಅಲ್ಲಿ ಜೋಡಿಸಿಟ್ಟ. ಹಾಗೆಯೇ ಸಕ್ಕರೆ, ರವೆ ಡಬ್ಬಗಳಿಗೂ ಜಾಗ ಬದಲಾಯಿಸಿದ. ಅಂದು ವತ್ಸಲಾ ರವೆ ಹಾಕಿದ ಕಾಫಿ ಕುಡಿದಳು. ಹಾಡು ಯಾವಾಗಲೋ ನಿಂತುಹೋಗಿತ್ತು.

“ಅಲ್ರೀ ಅಕ್ಕಾರ, ಗಂಡಸರು ರಿಟೈರ್ ಆಗ್ತಾರ, ನಾವ್ ಆಗೂದು ಯಾವಾಗ?” ಎಂದಳು ನಾಗವ್ವ. ವಿಜಯಪುರದ ಕಡೆಯವಳು, ಯಾವುದನ್ನೂ ಮುಚ್ಚಿಟ್ಟು ಗೊತ್ತಿಲ್ಲ.

ವತ್ಸಲಾಗೆ ಬಿ.ಪಿ. ಏರಿತು. ಜಿ.ಪಿ. ಡಾಕ್ಟರ ಹತ್ತಿರ ಹೋದಳು. ದಿನಾ ಚೆನ್ನಾಗಿ ನಡೆಯಬೇಕು ಎಂದರು ಅವರು. ಮನೆಗೆ ಬಂದವಳು ಗಂಡನಿಗೆ, “ರೀ, ನಮ್ಮ ವಯಸ್ಸಿನವರು ದಿನಾ ಬೆಳಗ್ಗೆ ಎರಡು ಮೂರು ಗಂಟೆ ಹೊರಗೆ ಇರಲೇಬೇಕಂತೆ. ಅದರಲ್ಲೂ ಗಂಡಸರು” ಎಂದಳು. ಔಷಧಿ ಯಾರಿಗೆ ಬರೆದುಕೊಟ್ಟದ್ದು ಎನ್ನುವುದು ಸಣ್ಣ ವಿಷಯ. ಯಾರು ತೆಗೆದುಕೊಂಡರೆ ಗುಣವಾಗುತ್ತದೆ ಎನ್ನುವುದು ಮುಖ್ಯ.

ಹೀಗೆ ರಾಮಪ್ರಸಾದ ಮನೆಗಳ ಹಿಂದಿದ್ದ ಸಣ್ಣ ಕೊಳಕ್ಕೆ ಹೋಗತೊಡಗಿದ. ಒಂದು ಬೆಂಚು, ಬಾಗಿದ ಮರ, ಆಚೆ ದಡದಲ್ಲಿ ಎದೆಯೆತ್ತರದ ಜೊಂಡು. ಬೆಂಚಿನ ಮೇಲೆ ಜೆಫ್ರಿ ಎಂಬ ಒಬ್ಬ ರಿಟೈರ್ಡ್ ಭೂಗೋಳದ ಮೇಷ್ಟರು ಟೆಲಿಸ್ಕೋಪ್ ನಿಲ್ಲಿಸಿಕೊಂಡು ಕೂತಿರುತ್ತಿದ್ದರು. ಮೇಷ್ಟರಿಗೆ ಶಿಷ್ಯ ಬೇಕಿತ್ತು, ಇವನಿಗೆ ಕಣ್ಣಿಗೆ ಕೆಲಸ ಬೇಕಿತ್ತು. ವಾರದೊಳಗೆ ರಾಮಪ್ರಸಾದ ಬೈನಾಕ್ಯುಲರ್ ಕೊಂಡ. ಬೆಳಗ್ಗೆ ತಿಂಡಿ ತಿಂದು ಹೋದವನು ಊಟಕ್ಕೆ ಬರುವನು. ವತ್ಸಲಾಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬೇಸಿಗೆಯೆಲ್ಲ ಅಡುಗೆಮನೆಯಲ್ಲಿ ಹಾಡು ಕೇಳಿಸಿತು.

ಸುಖ ನವೆಂಬರಿನವರೆಗೆ. ಎಲೆ ಉದುರಿತು, ಹಗಲು ಕುಗ್ಗಿತು, ಬಣ್ಣಬಣ್ಣದ ಹಕ್ಕಿಗಳೆಲ್ಲ ತೆಂಕಣಕ್ಕೆ ಹಾರಿಹೋದವು. ಕೊಳದಲ್ಲಿ ಉಳಿದದ್ದು ಬಾತುಗಳು, ಒಂದಷ್ಟು ನೀರುಕೋಳಿ.

“ದಿನಾ ಅದೇ ಬಾತು ಕಣೇ. ನನ್ನನ್ನ ನೋಡಿ ನೋಡಿ ಅವಕ್ಕೂ ಬೇಜಾರಾಗಿರಬೇಕು” ಎಂದ ರಾಮಪ್ರಸಾದ ಊಟಕ್ಕೆ ಕೂತವನು. “ಸೋಮವಾರದಿಂದ ಕೊಳ ಸಾಕು. ಚಳಿಗಾಲ ಪೂರ್ತಿ ಮನೆ ಕೆಲಸ.” ಹೀಗೆಂದು ಜೇಬಿನಿಂದ ಮಡಿಸಿದ ಕಾಗದ ತೆಗೆದು ಬಿಡಿಸಿದ. ಅಡುಗೆಮನೆಯ ನಕ್ಷೆ! ಒಲೆ ಕಿಟಕಿಯ ಕೆಳಗೆ ಹೋಗಿತ್ತು, ಸಿಂಕು ಬಾಗಿಲ ಹತ್ತಿರ ಬಂದಿತ್ತು. ಮಧ್ಯದಲ್ಲಿ ಒಂದು ಕುರ್ಚಿ.

“ಈ ಕುರ್ಚಿ ಯಾರಿಗೆ?”

“ನನಗೆ. ಕೂತು ನೋಡ್ಕೊಳ್ಳೋಕೆ.”

ವತ್ಸಲಾ ಸಾರು ಬಡಿಸುತ್ತ, ಆದಷ್ಟು ಸಾದಾ ದನಿಯಲ್ಲಿ ಕೇಳಿದಳು: “ಈ ಚಳೀಲಿ ಬರೋ ಹಕ್ಕಿ ಒಂದೂ ಇಲ್ವೇನ್ರೀ?”

“ಬಿಟರ್ನ್ ಅಂತ ಒಂದಿದೆ. ನಮ್ಮ ಕೊಕ್ಕರೆ ಜಾತೀದೇ, ಕಂದು ಬಣ್ಣ. ಬಂದ್ರೆ ಜೊಂಡಿನಲ್ಲಿ ಬಂದು ನಿಲ್ಲತ್ತಂತೆ. ಈ ಕೊಳದಲ್ಲಿ ಅದನ್ನ ಒಂದ್ಸಲ ನೋಡಬೇಕು ಅಂತ ಜೆಫ್ರಿ ವರ್ಷಗಟ್ಟಲೆ ಕಾದಿದಾರೆ. ಅದು ಬಂದ್ರೆ ನಾನು ಮನೆ ಕಡೆ ತಲೇನೇ ಹಾಕಲ್ಲ ಬಿಡು. ಆದ್ರೆ ಇದ್ರೂ ಕಾಣಲ್ಲ. ಕೊಕ್ಕು ಆಕಾಶಕ್ಕೆ ಎತ್ಕೊಂಡು ಗಂಟೆಗಟ್ಟಲೆ ಅಲ್ಲಾಡದೆ ನಿಂತ್ಬಿಡತ್ತೆ.”

“ಅಲ್ಲಾಡೋದೇ ಇಲ್ವಾ?” ಎಂದಳು ವತ್ಸಲಾ. ಸಾರಿನ ಸೌಟು ಗಾಳಿಯಲ್ಲೇ ನಿಂತಿತ್ತು.

ಮುಂದಿನ ಕೋಣೆಯ ಮೂಲೆಯಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆಗಳು ಇನ್ನೂ ಅಟ್ಟಕ್ಕೆ ಏರಿರಲಿಲ್ಲ. ಅವುಗಳಲ್ಲೊಂದರಲ್ಲಿ ಒಂದು ಮರದ ಕೊಕ್ಕರೆಯಿತ್ತು. ಅತ್ತೆಯವರು ಮೈಸೂರಿನಿಂದ ಕೊಟ್ಟು ಕಳಿಸಿದ್ದು. ಮೊಳಕ್ಕಿಂತ ಎತ್ತರ, ಕೊಕ್ಕು ಮೇಲೆ. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ಹಳತಾಗಿ ಕಂದು ತಿರುಗಿತ್ತು. ಬರುವ ದಾರಿಯಲ್ಲಿ ಕತ್ತು ಮುರಿದಾಗ ರಾಮಪ್ರಸಾದನೇ ಅಂಟು ಹಾಕಿ ಜೋಡಿಸಿದ್ದ. ಪ್ರತಿ ದಸರಾದಲ್ಲಿ ವತ್ಸಲಾ ದೊಡ್ಡ ಸ್ಟೀಲ್ ತಟ್ಟೆಗೆ ನೀರು ತುಂಬಿ ಕೊಳ ಮಾಡಿ, ಸುತ್ತ ರಾಗಿ ಮೊಳಕೆಯ ಹುಲ್ಲು ಬೆಳೆಸಿ, ದಡದಲ್ಲಿ ಈ ಕೊಕ್ಕರೆಯನ್ನು ನಿಲ್ಲಿಸುತ್ತಿದ್ದಳು. ಕೊಕ್ಕರೆ ಇಲ್ಲದ ಕೊಳ ಕೊಳವೇ ಅಲ್ಲ ಎನ್ನುವುದು ಅತ್ತೆ ಕಲಿಸಿದ ಪಾಠ. ಪಿನ್ನರ್‌ನ ಕೊಳಕ್ಕೆ ಮಾತ್ರ ಯಾಕೆ ಅನ್ಯಾಯವಾಗಬೇಕು?

ಮರುದಿನ ನಸುಕಿನಲ್ಲಿ, ಗಂಡ ಇನ್ನೂ ಗೊರಕೆ ಹೊಡೆಯುತ್ತಿದ್ದಾಗ, ಅವಳು ಕೊಕ್ಕರೆಯ ಕಾಲಿಗೆ ಹಳೇ ಪೊರಕೆ ಕೋಲನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದಳು. ಸೀರೆ ಎತ್ತಿ ಕಟ್ಟಿ, ಗಂಡನ ರಬ್ಬರ್ ಬೂಟು ಹಾಕಿಕೊಂಡಳು. ಬಾಗಿಲು ತೆರೆದವಳು ಯಾಕೋ ತಡೆದು, ವಾಪಸ್ ದೇವರ ಗೂಡಿಗೆ ಹೋದಳು. ಗೊಂಬೆಯನ್ನು ಬರಿ ಹಣೆಯಲ್ಲಿ ಮನೆಯಿಂದ ಹೊರಗೆ ಕಳಿಸುವುದುಂಟೇ? ಒಂದು ತೊಟ್ಟು ಎಣ್ಣೆ ಒತ್ತಿ, ಅದರ ಮೇಲೆ ದುಂಡಗೆ ಕುಂಕುಮವಿಟ್ಟಳು. ಆಮೇಲೇ ಸಮಾಧಾನ.

ಜೊಂಡಿನ ನಡುವೆ ಕೋಲು ಊರುತ್ತಿರುವಾಗ ನಾಯಿ ಹಿಡಿದುಕೊಂಡ ಒಬ್ಬ ಮುದುಕ ದಡದಲ್ಲಿ ಬಂದು ನಿಂತ. ಏನಾದರೂ ಕಳೆದುಹೋಯಿತೇ ಎಂದು ಕೇಳಿದ. ವತ್ಸಲಾ ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಭೀರವಾಗಿ, “ಇಟ್ ಈಸ್ ರಿಲಿಜಿಯಸ್” ಎಂದಳು. ಮುದುಕ ಗಾಬರಿಯಾಗಿ, ಕ್ಷಮೆ ಕೇಳಿ, ನಾಯಿಯನ್ನು ಎಳೆದುಕೊಂಡು ಹೋದ. ಆ ದೇಶದಲ್ಲಿ ಆ ಒಂದು ಮಾತು ಆಡಿದರೆ ನೀರಿನಲ್ಲಿ ಆನೆ ನಿಲ್ಲಿಸಿದರೂ ಯಾರೂ ಕೇಳುವುದಿಲ್ಲ.

ಅಂದು ರಾಮಪ್ರಸಾದ ಮೇಷ್ಟರಿಗೆ ಹೇಳಿ ಬರುತ್ತೇನೆ ಎಂದು ಹೋದವನು ಊಟಕ್ಕೂ ಬರಲಿಲ್ಲ. ಸಂಜೆ ಏದುಸಿರು ಬಿಡುತ್ತ ಬಂದ.

“ವತ್ಸಲಾ! ಬಿಟರ್ನ್! ನಾನೇ ಮೊದಲು ನೋಡಿದ್ದು!”

“ಹೌದಾ! ಅಲ್ಲಾಡ್ತಾ?”

“ಒಂದು ಪುಕ್ಕಾನೂ ಅಲ್ಲಾಡಿಸ್ಲಿಲ್ಲ. ಏನು ತಾಳ್ಮೆ ಅಂತೀಯ!”

ನಕ್ಷೆ ಮಡಿಸಿ ಡ್ರಾಯರಿನೊಳಗೆ ಹೋಯಿತು. ಮರುದಿನ ವತ್ಸಲಾ ಎಲ್ಲವನ್ನೂ ನಾಗವ್ವನಿಗೆ ಹೇಳಿದಾಗ ಅವಳು ನಕ್ಕು ನಕ್ಕು ಕೆಮ್ಮಿದಳು. “ಖರೇನ ಅಕ್ಕಾರ? ನಿಮ್ಮ ಅತ್ತಿಯವರ ಗೊಂಬಿ? ಅವರು ಮ್ಯಾಲಿಂದ ನೋಡಿದ್ರ ಏನಂದಾರು?”

“ನಮ್ಮತ್ತೆ ನಮ್ಮ ಮಾವನವರನ್ನ ದಿನಾ ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ಅಟ್ತಿದ್ರು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ. ಅವರು ಆಶೀರ್ವಾದ ಮಾಡ್ತಾರೆ ಬಿಡಿ.”

ಒಂದೇ ಕಡೆ ನಿಂತರೆ ಅನುಮಾನ ಬಂದೀತೆಂದು ವತ್ಸಲಾ ಆಗಾಗ ನಸುಕಿನಲ್ಲಿ ಹೋಗಿ ಕೊಕ್ಕರೆಯನ್ನು ಅತ್ತಿತ್ತ ಸರಿಸಿ ಬರುತ್ತಿದ್ದಳು. ಆದರೆ ಸುದ್ದಿ ಅವಳ ಕೈಮೀರಿ ಹೋಯಿತು. ಜೆಫ್ರಿ ಯಾರಿಗೋ ಹೇಳಿದರು, ಅವರು ಇನ್ಯಾರಿಗೋ. ದೂರದೂರದಿಂದ ಟೆಲಿಸ್ಕೋಪ್ ಹೊತ್ತವರು ಬಂದರು. ಬಂದವರೆಲ್ಲ ರಾಮಪ್ರಸಾದನ ಕೈಕುಲುಕಿದರು. “ಇವರೇ ರಾಮ್. ಮೊದಲು ಕಂಡವರು” ಎಂದು ಜೆಫ್ರಿ ಪರಿಚಯಿಸುವರು. ಮೂವತ್ತು ವರ್ಷ ಆಫೀಸಿನಲ್ಲಿ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತಿದ್ದವನು. ಅವನ ಹೆಸರನ್ನು ನೆಟ್ಟಗೆ ಹೇಳಿದವರೇ ಇರಲಿಲ್ಲ. ಈಗ ಅವನು ಹೊಸ ಟೋಪಿ ಕೊಂಡ. ಕನ್ನಡಿಯ ಮುಂದೆ ನಿಂತು ಅದನ್ನು ಓರೆ ಮಾಡಿಕೊಂಡ. ಅದನ್ನು ನೋಡಿ ವತ್ಸಲಾಗೆ ಮೊದಲು ಖುಷಿಯಾಯಿತು, ಆಮೇಲೆ ಭಯವಾಯಿತು.

ಭಯ ಗಟ್ಟಿಯಾದದ್ದು ಒಂದು ರಾತ್ರಿ ಊಟದ ಹೊತ್ತಿಗೆ. ಅಂದು ಮೊದಲ ಸಲ ಬಿಸಿಲು ನೇರ ಬಿದ್ದು, ಜೆಫ್ರಿಯ ಟೆಲಿಸ್ಕೋಪಿನಲ್ಲಿ ಹಕ್ಕಿಯ ತಲೆ ಸ್ಪಷ್ಟವಾಗಿ ಕಂಡಿತ್ತಂತೆ.

“ಹಣೆ ಮೇಲೆ ಕೆಂಪು ಬೊಟ್ಟು” ಎಂದ ರಾಮಪ್ರಸಾದ, ಅನ್ನ ಕಲಸುತ್ತ. “ಯಾವ ಪುಸ್ತಕದಲ್ಲೂ ಇಲ್ಲ. ಗಾಯ ಅಂತ ಒಬ್ಬರು, ಹೊಸ ಜಾತಿ ಅಂತ ಇನ್ನೊಬ್ಬರು.”

ಅವನು ಕೇಳದಿದ್ದರೂ ವತ್ಸಲಾ ತುಪ್ಪ ಬಡಿಸಿದಳು. “ನೀವೇನಂದ್ರಿ?”

“ನಾನೇನನ್ನಲಿ? ಗಾಯ ಇರಬಹುದು ಅಂದೆ.” ಅವನು ತಲೆಯೆತ್ತಿ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ. “ಸಾರು ತುಂಬಾ ಚೆನ್ನಾಗಿದೆ ಕಣೇ. ಇನ್ನೊಂದು ಸೌಟು ಹಾಕು.”

ಮದುವೆಯಾದಂದಿನಿಂದ ಸಾರು ಚೆನ್ನಾಗಿದೆ ಎಂದು ಅವನ ಬಾಯಲ್ಲಿ ಬಂದದ್ದಿಲ್ಲ. ಕೀರ್ತಿ ತಲೆಗೇರಿದೆ ಎಂದುಕೊಂಡಳು ವತ್ಸಲಾ. ಮುಂದಿನ ಸಲ ಕೊಳಕ್ಕೆ ಹೋದಾಗ ಕೊಕ್ಕರೆ ತಾನು ನಿಲ್ಲಿಸಿದ್ದಕ್ಕಿಂತ ಜೊಂಡಿನ ಒಳಕ್ಕೆ ಸರಿದಿತ್ತು. ಗಾಳಿಯಿರಬೇಕು ಎಂದುಕೊಂಡಳು.

ಕೆಂಪು ಬೊಟ್ಟಿನ ಸುದ್ದಿ ಪಕ್ಷಿವೀಕ್ಷಕರ ಸಂಘಕ್ಕೆ ಮುಟ್ಟಿತು. ಶನಿವಾರ ಅವರ ಕಡೆಯ ತಜ್ಞರೊಬ್ಬರು ಸಣ್ಣ ದೋಣಿಯ ಸಮೇತ ಬಂದು ಹತ್ತಿರದಿಂದ ಪರೀಕ್ಷೆ ಮಾಡುವುದೆಂದು ಗೊತ್ತಾಯಿತು. ವತ್ಸಲಾ ಆ ಶನಿವಾರವನ್ನು ಕಣ್ಣ ಮುಂದೆ ತಂದುಕೊಂಡಳು. ಜನರ ಮಧ್ಯೆ, ಹೊಸ ಟೋಪಿ ಹಾಕಿಕೊಂಡು, ತನ್ನ ಗಂಡ ಮರದ ಗೊಂಬೆಯನ್ನು ಹಕ್ಕಿ ಎಂದು ಊರಿಗೆಲ್ಲ ಸಾರಿದವನಾಗಿ ನಿಲ್ಲಬೇಕು. ಅವರೆಲ್ಲ ನಯವಾಗಿ ನಗುತ್ತಾರೆ. ಆ ನಗು ಎಂಥದ್ದೆಂದು ವತ್ಸಲಾಗೆ ಗೊತ್ತಿತ್ತು. ಒಂದು ಹಾಡಿಗೆ ಮನೆಯವರು ನಕ್ಕದ್ದನ್ನೇ ಅವಳು ಇಷ್ಟು ಕಾಲ ಹೊತ್ತಿದ್ದಳು. ಇದಕ್ಕಿಂತ ಒಲೆಯನ್ನು ಕಿಟಕಿಯ ಕೆಳಗೆ ಹಾಕಿಸಿಕೊಳ್ಳುವುದೇ ವಾಸಿಯಾಗಿತ್ತು ಎನಿಸಿತು.

ಶನಿವಾರ ನಸುಕಿನಲ್ಲೇ ಎದ್ದು ಬೂಟಿಗೆ ಕಾಲು ತೂರಿಸಿದಳು. ಒಳಗೆಲ್ಲ ಒದ್ದೆ. ಯಾಕೆಂದು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಕೊಳಕ್ಕೆ ಓಡಿದಳು. ಕೊಕ್ಕರೆ ಇರಲಿಲ್ಲ. ಜೊಂಡನ್ನೆಲ್ಲ ತಡಕಿದಳು. ಕೋಲೂ ಇಲ್ಲ, ಹಗ್ಗವೂ ಇಲ್ಲ. ನರಿ ಎಳೆದುಕೊಂಡು ಹೋಯಿತೋ, ಮುಳುಗಿತೋ? ಮುಳುಗಿದ್ದರೆ ದೋಣಿಯವರ ಕೈಗೆ ಸಿಕ್ಕೇ ಸಿಗುತ್ತದೆ. ಮನೆಗೆ ಬಂದು ಏನು ಮಾಡಬೇಕೆಂದು ತೋಚದೆ ಕೋಡುಬಳೆ ಕರಿದಳು. ಅವಮಾನ ಆಗುವುದೇ ಆದರೆ ಜನರ ಬಾಯಲ್ಲಿ ಏನಾದರೂ ಇರಲಿ, ನಗು ಸ್ವಲ್ಪ ತಡವಾದೀತು.

ಅವಳು ಡಬ್ಬಿ ಹಿಡಿದು ಕೊಳಕ್ಕೆ ಹೋದಾಗ ದಡದ ತುಂಬ ಜನ. ತಜ್ಞರು ದೋಣಿಗೆ ಗಾಳಿ ತುಂಬಿಸುತ್ತಿದ್ದರು. ರಾಮಪ್ರಸಾದ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

“ದೋಣಿ ಬೇಡ. ಹಕ್ಕಿ ಹೋಯಿತು” ಎಂದು ಇಂಗ್ಲಿಷಿನಲ್ಲಿ ಹೇಳಿದ. “ನಿನ್ನೆ ಸಂಜೆ ಕತ್ತಲಾಗುವಾಗ ಎದ್ದು ತೆಂಕಣಕ್ಕೆ ಹಾರಿತು. ನಾನೇ ಕಣ್ಣಾರೆ ನೋಡಿದೆ.”

ಮೂವತ್ತು ವರ್ಷ ನಕ್ಷೆಯಲ್ಲಿ ಒಂದು ಗೆರೆ ಸುಳ್ಳು ಎಳೆಯದ ಮನುಷ್ಯ! ವತ್ಸಲಾ ಬಾಯಿ ತೆರೆದು ನಿಂತಳು.

“ಒಬ್ಬರ ಮಾತು ಸಾಲದು” ಎಂದರು ತಜ್ಞರು, ಮುಖ ಗಂಟಿಕ್ಕಿ.

ಜೆಫ್ರಿ ಬೆಂಚಿನಿಂದ ಎದ್ದರು. ಒಮ್ಮೆ ಜೊಂಡಿನ ಕಡೆ ನೋಡಿದರು. ಆಮೇಲೆ ವತ್ಸಲಾಳ ಹಣೆಯ ಮೇಲಿದ್ದ ದುಂಡನೆಯ ಕುಂಕುಮವನ್ನು, ಹೊಸ ಹಕ್ಕಿಯೊಂದನ್ನು ನೋಡುವಷ್ಟೇ ಎಚ್ಚರದಿಂದ ನೋಡಿದರು. ಡಬ್ಬಿಯಿಂದ ಒಂದು ಕೋಡುಬಳೆ ಎತ್ತಿಕೊಂಡು, “ನಾನೂ ನೋಡಿದೆ. ಬಹಳ ಚೆನ್ನಾಗಿ ಹಾರಿತು” ಎಂದರು. ಇಬ್ಬರ ಮಾತಿಗೆ ಎದುರಿಲ್ಲ. ತಜ್ಞರು ದೋಣಿಯ ಗಾಳಿ ಬಿಟ್ಟು, ಕೋಡುಬಳೆ ತಿಂದು ಹೊರಟರು.

ಇನ್ನು ಹಕ್ಕಿಯಿಲ್ಲ, ಗಂಡ ಮನೆಯಲ್ಲೇ ಕೂರುತ್ತಾನೆ ಎಂದು ವತ್ಸಲಾ ಸೋಮವಾರ ಮನಸ್ಸು ಗಟ್ಟಿಮಾಡಿಕೊಂಡಳು. ರಾಮಪ್ರಸಾದ ತಿಂಡಿ ತಿಂದು, ಟೋಪಿ ಹಾಕಿಕೊಂಡು ಹೊರಟ. “ವಾಪಸ್ ಬಂದ್ರೂ ಬರಬಹುದು” ಎಂದ. ಮಂಗಳವಾರವೂ ಹೋದ. ವಾರ ಪೂರ್ತಿ ಹೋದ. ಅವಳಿಗೆ ಕಾಫಿ ಇತ್ತು, ಫೋನಿತ್ತು, ಹಾಡಲು ಮನೆಯಿತ್ತು. ಆದರೆ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಏನಿದೆ ಅಂತ ಈ ಮನುಷ್ಯ ಹೋಗುತ್ತಾನೆ?

ಮಂಜು ಕವಿದ ಒಂದು ಬೆಳಗ್ಗೆ ಅವಳು ತಡೆಯಲಾರದೆ ಕೊಳಕ್ಕೆ ಹೋಗಿ ಮರದ ಹಿಂದೆ ನಿಂತಳು. ಅಷ್ಟು ಮಂಜಿನಲ್ಲಿ ಬಾತುಗಳೂ ಕಾಣುತ್ತಿರಲಿಲ್ಲ. ಬೆಂಚಿನ ಮೇಲೆ ರಾಮಪ್ರಸಾದನೊಬ್ಬನೇ. ಬೈನಾಕ್ಯುಲರ್ ಚೀಲದಿಂದ ಹೊರಗೇ ಬಂದಿರಲಿಲ್ಲ. ಬರಿ ಕತ್ತು ಮೇಲೆತ್ತಿಕೊಂಡು, ಕೈ ಜೇಬಿನಲ್ಲಿಟ್ಟು, ಅಲ್ಲಾಡದೆ ಕೂತಿದ್ದ, ಥೇಟ್ ಅತ್ತೆಯವರ ಕೊಕ್ಕರೆಯ ಹಾಗೆ. ನಡುವೆ ಒಮ್ಮೆ ಗಡಿಯಾರ ನೋಡಿಕೊಂಡ. ಊಟಕ್ಕೆ ಇನ್ನೂ ಹೊತ್ತಿದೆ ಎಂದು ಕಂಡು ಮತ್ತೆ ಹಾಗೇ ಕೂತ. ವತ್ಸಲಾಳ ಕಣ್ಣು ಅವನ ಬರಿಗತ್ತಿಗೆ ಹೋಯಿತು. ಈ ಚಳಿಯಲ್ಲಿ ಮಫ್ಲರ್ ಎಲ್ಲಿ? ಅವಳೇ ಹೆಣೆದುಕೊಟ್ಟ ನೀಲಿ ಮಫ್ಲರ್?

ಮನೆಗೆ ಬಂದು ಹುಡುಕಿದಳು. ಬೀರುವಿನಲ್ಲಿರಲಿಲ್ಲ, ಬಾಗಿಲ ಹಿಂದೆಯೂ ಇರಲಿಲ್ಲ. ಕೊನೆಗೆ ಹಿತ್ತಲ ಶೆಡ್ಡಿಗೆ ಹೋದಳು. ಅಲ್ಲಿ ಮೇಲಿನ ಹಲಗೆಯ ಮೇಲೆ ನೀಲಿ ಮಫ್ಲರ್ ಇತ್ತು. ಅದರೊಳಗೆ ಬೆಚ್ಚಗೆ ಸುತ್ತಿಟ್ಟ ಕೊಕ್ಕರೆ. ಕೆಸರು ತೊಳೆದು ಒರೆಸಿತ್ತು, ಕತ್ತಿಗೆ ಹೊಸ ಅಂಟು ಹಾಕಿತ್ತು. ಆಗ ಬೂಟಿನೊಳಗಿನ ಒದ್ದೆ ನೆನಪಾಯಿತು. ವತ್ಸಲಾ ಶೆಡ್ಡಿನಲ್ಲೇ ಒಂದಿಷ್ಟು ಹೊತ್ತು ಕೂತಳು. ನಗು ಬಂತು, ನಾಚಿಕೆಯಾಯಿತು, ಅಳುವೂ ಬಂತು.

ರಾಮಪ್ರಸಾದ ಊಟಕ್ಕೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಕೊಕ್ಕರೆ ನಿಂತಿತ್ತು. ಹಣೆಯಲ್ಲಿ ಹೊಸ ಕುಂಕುಮ. ಪಕ್ಕದಲ್ಲಿ ಎರಡು ಲೋಟ ಕಾಫಿ. ಅವನು ಬಾಗಿಲಲ್ಲೇ ನಿಂತ.

“ಬಿಟರ್ನ್ ವಾಪಸ್ ಬಂದಿದೆ” ಎಂದಳು ವತ್ಸಲಾ. “ಯಾವಾಗ ಗೊತ್ತಾಯ್ತು ನಿಮಗೆ?”

“ಕುಂಕುಮ ಕಂಡ ದಿನ. ಟೆಲಿಸ್ಕೋಪಿನಲ್ಲಿ ಕತ್ತಿನ ಅಂಟೂ ಕಾಣ್ತು. ನಾನೇ ಹಾಕಿದ್ದು, ನನಗೆ ಗೊತ್ತಾಗಲ್ವಾ?”

“ಬೈಬಹುದಿತ್ತಲ್ಲ.”

“ಬೈಯೋಣ ಅಂತಲೇ ಆಗಲೇ ಮನೆಗೆ ಬಂದೆ. ಎಂಥಾ ಸಿಟ್ಟು ಅಂತೀಯ! ಬಾಗಿಲು ತೆಗೆದ್ರೆ ನೀನು ಒಳಗೆ ಹಾಡ್ತಿದ್ದೆ.” ರಾಮಪ್ರಸಾದ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. “ಇಷ್ಟು ವರ್ಷ ಸಂಸಾರ ಮಾಡಿದೀನಿ, ನೀನು ಇನ್ನೂ ಹಾಡ್ತೀಯ ಅಂತಲೇ ಗೊತ್ತಿರ್ಲಿಲ್ಲ. ಒಳಗೆ ಬಂದ್ರೆ ನಿಲ್ಲಿಸ್ಬಿಡ್ತೀಯ ಅನ್ನಿಸ್ತು. ಅಲ್ಲೇ ನಿಂತು ಪೂರ್ತಿ ಕೇಳಿ, ಸದ್ದಾಗದ ಹಾಗೆ ಬಾಗಿಲು ಹಾಕ್ಕೊಂಡು ವಾಪಸ್ ಹೋದೆ.”

ವತ್ಸಲಾ ಮುಖ ತಿರುಗಿಸಿ ಒಲೆಯ ಕಡೆ ನೋಡಿದಳು. ಒಲೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ಅಪಸ್ವರ ಅಲ್ವಾ?” ಎಂದಳು ಕೊನೆಗೆ.

“ಭಯಂಕರ” ಎಂದ ರಾಮಪ್ರಸಾದ. “ನಾಳೆಯಿಂದ ಬೇಕಾದ್ರೆ ಬಾಗಿಲ ಹೊರಗೇ ಕೂತಿರ್ತೀನಿ.”

“ಹೊರಗೆ ಬೇಡ, ಚಳಿ. ಇಲ್ಲೇ ಕುರ್ಚಿ ಹಾಕ್ಕೊಳ್ಳಿ.”

ಅವನ ಮುಖ ಇಷ್ಟಗಲವಾಯಿತು. ಕುರ್ಚಿ ಎಳೆದುಕೊಂಡು ಕೂತು, ಕಾಫಿ ಗುಟುಕರಿಸಿ, ಸುತ್ತ ಒಮ್ಮೆ ಕಣ್ಣಾಡಿಸಿದ. ಕೈ ತಾನಾಗಿ ಮುಂದೆ ಹೋಯಿತು. “ಹಾಗಾದ್ರೆ ಆ ಒಗ್ಗರಣೆ ಡಬ್ಬೀನ ಒಂಚೂರು...”

“ಅದನ್ನ ಕೂತಲ್ಲಿಂದಲೇ ನೋಡಿ” ಎಂದಳು ವತ್ಸಲಾ. “ಬೈನಾಕ್ಯುಲರ್ ಇದೆಯಲ್ಲ.”